ಶಿರೀನಳಿಗೆ ನಾನು ಪ್ಲಗ್ ಹಾಕಿದ್ದು

"ನನ್ನ ಶಿರೀನಳ ಮೈಗೆ ಪರಪುರುಷರ ಕೈ ಸೋಕಕೂಡದು!"

ಊಟದ ಮೇಜನ್ನು ಗುದ್ದಿ ನಾನು ಹೀಗೆ ಘೋಷಿಸಿದಾಗ ಚಹಾದ ಕಪ್ಪುಗಳೆಲ್ಲ ಗಡಗಡ ನಡುಗಿದವು. ನನ್ನ ಹೆಂಡತಿ ಹಿಲ್ಲಾ ಮಾತ್ರ ನಡುಗಲಿಲ್ಲ. ಬಾಣಲೆಯಲ್ಲಿದ್ದ ಬೆಂಡೆಕಾಯಿಯ ಮೇಲೆ ಮೊಟ್ಟೆ ಒಡೆದು ಹಾಕುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಪರಪುರುಷ ಅಂದ್ರೆ ಯಾರು? ಮೆಕ್ಯಾನಿಕ್ಕಾ?"

"ಹ್ಞೂಂ, ಅವನೇ!"

"ಹಂಗಾದ್ರೆ ನೀನ್ಯಾವ ಪುರುಷ? ಗಾಡಿ ಇರೋದು ನನ್ನ ಹೆಸರಲ್ಲಿ."

ಶಿರೀನ್ ಅಂದರೆ ನಮ್ಮ ಕಾರು. ಮಾವನವರು ಬದುಕಿದ್ದಾಗ ಮಗಳ ಹೆಸರಿಗೆ ಕೊಂಡುಕೊಟ್ಟ ಗಾಡಿ. ನಾಮಕರಣ ಮಾಡಿದವನು ನಾನು, ಸ್ನಾನ ಮಾಡಿಸುವವನೂ ನಾನೇ. ಮುಂಬಯಿಯ ನಮ್ಮ ವಠಾರವಾದ ದಾರಾಬ್ ಬಾಗಿನಲ್ಲಿ ಭಾನುವಾರ ಬೆಳಗಾಯಿತೆಂದರೆ ಪಾರ್ಸಿ ಗಂಡಸರೆಲ್ಲ ಬನಿಯನ್ನಿನಲ್ಲಿ ಕೆಳಗಿಳಿದು ತಂತಮ್ಮ ಗಾಡಿಗೆ ಅಭ್ಯಂಜನ ಮಾಡಿಸುತ್ತೇವೆ. ಹೆತ್ತ ಮಕ್ಕಳ ಕಿವಿ ಹಿಂದೆ ಒಂದು ದಿನವೂ ಸೋಪು ಹಚ್ಚದವರು ಕೂಡ ಗಾಡಿಯ ಕನ್ನಡಿ ಹಿಂದೆ ಬೆರಳು ಹಾಕಿ ಉಜ್ಜುತ್ತಾರೆ. ಅಂಥ ಊರಿನಲ್ಲಿ ನಾನು, ಕೇಕೋಬಾದ್ ಮಿಸ್ತ್ರಿ, ಎಲ್ಲರ ಬಾಯಲ್ಲೂ ಕೇಕು, ಶಿರೀನಳ ಮೈ ಒರೆಸಲು ನನ್ನ ಹಳೇ ರೇಷ್ಮೆ ಅಂಗಿಯನ್ನೇ ಹರಿದಿಟ್ಟವನು.

ಅಂಥ ಶಿರೀನಳಿಗೆ ಬಿಕ್ಕಳಿಕೆ ಶುರುವಾಗಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಬಿಕ್ಕುವಳು, ಹೊರಟರೆ ಎಗರುವಳು. ಹೋದ ವಾರ ಮೀನು ಮಾರ್ಕೆಟ್ಟಿನಿಂದ ಬರುವಾಗ ಎಂಥಾ ಬಿಕ್ಕು ಬಿಕ್ಕಿದಳೆಂದರೆ, ಬುಟ್ಟಿಯಲ್ಲಿದ್ದ ಪಾಂಫ್ರೆಟ್ ಮೀನು ಹಾರಿ ಹಿಂದೆ ಕೂತಿದ್ದ ನಮ್ಮತ್ತೆಯವರ ಮಡಿಲಿಗೆ ಬಿತ್ತು!

"ಪಾಪ, ಈ ಮೀನು ಬದುಕಿದ್ದಾಗಲೂ ಇಷ್ಟು ಎತ್ತರ ಹಾರಿರಲ್ಲ," ಅಂದರು ನಮ್ಮತ್ತೆ ಧನ್‌ಮಾಯ್, ಅದರ ಬಾಲ ಹಿಡಿದು ವಾಪಸು ಬುಟ್ಟಿಗೆ ಹಾಕುತ್ತ.

ಧನ್‌ಮಾಯ್ ನಮ್ಮ ಜೊತೆಯಲ್ಲೇ ಇರುತ್ತಾರೆ. ನಮ್ಮ ಪಂಚಾಂಗದ ಪ್ರಕಾರ ಬರುವ ಭಾನುವಾರ ಅವರ ಹುಟ್ಟುಹಬ್ಬ. ಹುಟ್ಟುಹಬ್ಬದ ದಿನ ನಮ್ಮವರ ಯಾತ್ರಾಸ್ಥಳ ಉದ್ವಾಡಾಕ್ಕೆ ಹೋಗಿ, ಅಲ್ಲಿನ ಪವಿತ್ರ ಬೆಂಕಿಗೆ ಗಂಧದ ಚಕ್ಕೆ ಅರ್ಪಿಸಿ ಬರುವುದು ಅವರು ಮದುವೆಯಾಗಿ ಬಂದಾಗಿನಿಂದ ತಪ್ಪಿಸದ ವ್ರತ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಅದೊಂದು ಸಲ ತಪ್ಪಿತ್ತು. ಅದರ ಕೊರಗು ಮೂಳೆಯ ನೋವಿಗಿಂತ ಹೆಚ್ಚಾಗಿತ್ತು. ಈ ವರ್ಷ ಡಾಕ್ಟರು, "ಟ್ರೇನು, ಬಸ್ಸು ಬೇಡ, ಕಾರಿನಲ್ಲಿ ನಿಧಾನಕ್ಕೆ ಹೋಗಿಬನ್ನಿ" ಎಂದು ಒಪ್ಪಿದ್ದರು. ಬಾಡಿಗೆ ಕಾರಿಗೆ ಧನ್‌ಮಾಯ್ ಒಪ್ಪಲಿಲ್ಲ. "ನನ್ನ ಗಂಡ ಕೊಡಿಸಿದ ಗಾಡಿ ಮನೆ ಮುಂದೆ ನಿಂತಿರುವಾಗ ಇನ್ಯಾರದೋ ಸೀಟಿನಲ್ಲಿ ನಾನ್ಯಾಕೆ ಕೂರಲಿ?" ಅಂದುಬಿಟ್ಟರು.

ಹಿಲ್ಲಾ ಬೆಂಡೆಕಾಯಿ ಮೊಟ್ಟೆಯನ್ನು ನನ್ನ ತಟ್ಟೆಗೆ ಬಡಿಸಿ, ಸೌಟನ್ನು ನನ್ನ ಮೂಗಿನ ನೇರಕ್ಕೆ ಹಿಡಿದಳು.

"ಕೇಕು, ಕೊನೇ ಮಾತು ಕೇಳ್ಕೋ. ಭಾನುವಾರ ಮಮ್ಮಾ ಉದ್ವಾಡಾ ನೋಡ್ಬೇಕು. ನಿನ್ನ ಶಿರೀನ್ ಅವತ್ತು ಹೊರಡದೇ ಹೋದ್ರೆ, ಸೋಮವಾರ ಬೀಗದ ಕೈ ಕೆಳಮನೆ ಸಾವಕ್‌ಗೆ. ಅವನು ಆಗ್ಲೇ ಮೂರ್ನಾಲ್ಕು ಸಲ ಕೇಳಿದ್ದಾನೆ."

ಬೆಂಡೆಕಾಯಿ ಗಂಟಲಲ್ಲೇ ನಿಂತಿತು. ಸಾವಕ್! ನನ್ನ ಬಾಲ್ಯದ ಗೆಳೆಯ, ಮುಪ್ಪಿನ ಶತ್ರು! ನಾನು ಶಿರೀನಳನ್ನು ತೊಳೆಯುವಾಗಲೆಲ್ಲ ಕಿಟಕಿಯಲ್ಲಿ ನಿಂತು ಜೊಲ್ಲು ಸುರಿಸುವವನು! ಡಾಕ್ಟರು ಕೊಲೆಸ್ಟ್ರಾಲ್ ನೋಡಿ ಮೊಟ್ಟೆ ಬಿಡಿಸಿದ ದಿನದಿಂದ ಅವನ ಬದುಕಿನಲ್ಲಿ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ, ನನ್ನ ಗಾಡಿಯೊಂದನ್ನು ಬಿಟ್ಟು.

ಅವತ್ತೇ ಶಿರೀನಳನ್ನು ಗ್ಯಾರೇಜಿಗೆ ತೋರಿಸಿದೆ. ಅಲ್ಲಿಯವನು ಎಂಜಿನ್ನಿನ ಸದ್ದು ಕೇಳಿ, "ಸ್ಪಾರ್ಕ್ ಪ್ಲಗ್ ಸವೆದಿದೆ ಸಾಹೇಬ್ರೆ, ನಾಲ್ಕೂ ಬದಲಾಯಿಸ್ಬೇಕು. ಗಾಡಿ ಬಿಟ್ಟು ಹೋಗಿ" ಅಂದ. ಬಿಟ್ಟು ಹೋಗುವುದೆ? ಶಿರೀನಳನ್ನೆ? ಹತ್ತು ಗಾಡಿಗಳ ನಡುವೆ, ಕಂಡವರ ಮನೆಯಲ್ಲಿ ಒಂದು ರಾತ್ರಿ? ಹೊಸ ಪ್ಲಗ್ಗು ನಾಲ್ಕನ್ನು ಕೊಂಡು, ಶಿರೀನಳನ್ನು ಬಿಕ್ಕಿಸಿಕೊಂಡೇ ಮನೆಗೆ ಕರೆತಂದೆ.

"ನಾನೇ ಹಾಕ್ತೀನಿ!" ಎಂದೆ ಹಿಲ್ಲಾಳಿಗೆ. "ನಮ್ಮ ಮನೆತನದ ಹೆಸರೇ ಮಿಸ್ತ್ರಿ! ರಿಪೇರಿ ಅನ್ನೋದು ರಕ್ತದಲ್ಲೇ ಇದೆ!"

"ನನ್ನ ತವರಿನ ಮನೆತನದ ಹೆಸರು ಡಾಕ್ಟರ್. ಹಂಗಂತ ನಿನ್ನ ಹರ್ನಿಯಾ ನಾನೇ ಕುಯ್ದೆನಾ?"

ನಿವೃತ್ತನಾಗುವವರೆಗೂ ಇನ್ಶೂರೆನ್ಸ್ ಕಚೇರಿಯಲ್ಲಿ ಕೂತು ಪರರ ಅಪಘಾತದ ವರದಿ ಓದಿದವನು ನಾನು. ನನ್ನ ಕೈಯಿಂದ ಇದುವರೆಗೆ ರಿಪೇರಿಯಾದ ಒಂದೇ ವಸ್ತು ಧನ್‌ಮಾಯ್ ಅವರ ಗಡಿಯಾರ. ಅದು ಈಗಲೂ ಓಡುತ್ತದೆ, ಹಿಂದಕ್ಕೆ.

ಶನಿವಾರ ಬೆಳಿಗ್ಗೆ ಅಪ್ಪನ ಕಾಲದ ಟೂಲ್ ಬಾಕ್ಸ್ ಹೊತ್ತು ಅಂಗಳಕ್ಕಿಳಿದೆ. ಬಾನೆಟ್ಟು ಎತ್ತಿದ್ದೇ ತಡ, ಸಾವಕ್ ಮಡಚುವ ಕುರ್ಚಿ ಮತ್ತು ಪುದೀನ ಚಹಾದ ಲೋಟದ ಸಮೇತ ಹಾಜರಾದ. ಧನ್‌ಮಾಯ್ ಅವರಿಗೂ ನೆರಳಲ್ಲಿ ಒಂದು ಬೆತ್ತದ ಕುರ್ಚಿ ಬಿತ್ತು. ಅವರು ಮಡಿಲಲ್ಲಿ ದಾರದುಂಡೆ ಇಟ್ಟುಕೊಂಡು ಕ್ರೋಶಾ ಹಾಕುತ್ತ ಕೂತರು. ನಮ್ಮ ಮನೆಯಲ್ಲಿ ಟೀವಿಗೆ, ಫೋನಿಗೆ, ನೀರಿನ ಹೂಜಿಗೆ, ಶಿರೀನಳ ಸೀಟಿನ ತಲೆಗೆ ಎಲ್ಲಕ್ಕೂ ಅವರು ಹೆಣೆದ ಕುಲಾವಿ ಇದೆ.

"ಕೇಕು, ಬಣ್ಣಕ್ಕೆ ಗೀರು ಬೀಳಿಸ್ಬೇಡಪ್ಪ," ಅಂದ ಸಾವಕ್.

"ನನ್ನ ಗಾಡಿ, ನನ್ನ ಗೀರು!"

"ಸೋಮವಾರದವರೆಗೆ."

ನಾನು ಹಲ್ಲು ಕಚ್ಚಿ ಕೆಲಸಕ್ಕೆ ಬಗ್ಗಿದೆ. ಎಂಜಿನ್ನಿನ ತಲೆಯಲ್ಲಿ ಸಾಲಾಗಿ ನಾಲ್ಕು ಆಳವಾದ ಬಾವಿಗಳು. ಒಂದೊಂದು ಬಾವಿಯ ತಳದಲ್ಲಿ ಒಂದೊಂದು ಪ್ಲಗ್ಗು. ಬಾವಿಯ ಬಾಯಿಗೆ ಮುಚ್ಚಳದ ಹಾಗೆ ಕೂತಿರುವುದು ಇಗ್ನಿಷನ್ ಕಾಯಿಲ್. ಅದರ ಉದ್ದನೆಯ ರಬ್ಬರ್ ಕಾಲು ಬಾವಿಗಿಳಿದು ಪ್ಲಗ್ಗಿನ ತಲೆಯನ್ನು ಕಚ್ಚಿ ಹಿಡಿದಿರುತ್ತದೆ. ಕಾಯಿಲ್ ಕರೆಂಟು ಕೊಟ್ಟರೆ ಪ್ಲಗ್ ಕಿಡಿ ಹಾರಿಸುತ್ತದೆ, ಕಿಡಿಗೆ ಪೆಟ್ರೋಲು ಹೊತ್ತುತ್ತದೆ, ಗಾಡಿ ಓಡುತ್ತದೆ. ಇಷ್ಟೇ! ಇದಕ್ಕೆ ಯಾವ ಪರಪುರುಷ ಬೇಕು?

ಮೊದಲನೆಯ ಕಾಯಿಲಿನ ವೈರು ಕೀಳಲು ಹೋದಾಗ ಅದರ ಪ್ಲಾಸ್ಟಿಕ್ ಕೊಂಡಿ ಟಕ್ಕೆಂದು ಮುರಿದು ನನ್ನ ಅಂಗೈಗೆ ಬಂತು.

"ಏನದು ಸದ್ದು?" ಸಾವಕ್ ಕುರ್ಚಿಯಿಂದ ಅರ್ಧ ಎದ್ದ.

"ನನ್ನ ಬೆರಳಿನ ನೆಟಿಗೆ!" ಎಂದೆ. ಆಮೇಲೆ ಹಿಲ್ಲಾಳ ಜಡೆಯ ರಬ್ಬರ್ ಬ್ಯಾಂಡು ಸುತ್ತಿ ಆ ಕೊಂಡಿಯ ಮಾನ ಕಾಪಾಡಿದ್ದು ಬೇರೆ ಮಾತು.

ಆದರೆ ಕೇಳಿ, ಆಶ್ಚರ್ಯ! ನಾಲ್ಕು ಕಾಯಿಲೂ ಹೊರಗೆ ಬಂದವು. ನಾಲ್ಕು ಹಳೆಯ ಪ್ಲಗ್ಗೂ ತಿರುಗಿಸಿದಂತೆ ತಿರುಗಿದವು. ಹೊಸ ನಾಲ್ಕೂ ಬಾವಿಗಿಳಿದು, ಹೇಳಿದ ಮಾತು ಕೇಳುವ ಸೊಸೆಯಂದಿರ ಹಾಗೆ ತೆಪ್ಪಗೆ ಕೂತವು. ಸಾವಕನ ಮುಖ ಬಾಡಿತು. ಧನ್‌ಮಾಯ್ ಕ್ರೋಶಾ ನಿಲ್ಲಿಸಿ, "ಭೇಷ್ ಡಿಕ್ರಾ!" ಅಂದರು. ಡಿಕ್ರಾ ಅಂದರೆ ನಮ್ಮಲ್ಲಿ ಮಗನೇ ಅಂತ. ಅತ್ತೆಯ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವಂಥದ್ದಲ್ಲ. ಅಲ್ಲಿಗೆ ನನ್ನ ತಲೆ ತಿರುಗಿತು ನೋಡಿ! ಇನ್ನು ಕಾಯಿಲ್ ನಾಲ್ಕನ್ನು ಮುಚ್ಚಿ ಬೋಲ್ಟು ಬಿಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಹಿಲ್ಲಾ! ಬೆಳ್ಳಿ ತಟ್ಟೆ ತಗೊಂಬಾ! ಕುಂಕುಮ, ಅಕ್ಕಿ, ಮೊಟ್ಟೆ ಎಲ್ಲ ಇಟ್ಕೊಂಡು ಬಾ!" ಎಂದು ಎರಡನೇ ಮಹಡಿಗೆ ಕೇಳುವಂತೆ ಕೂಗಿದೆ.

ನಮ್ಮಲ್ಲಿ ಹೊಸದೇನು ಬಂದರೂ, ಹೊಸ ಮದುಮಗ, ಹೊಸ ಮನೆ, ಹೊಸ ಗಾಡಿ ಏನೇ ಇರಲಿ, ದೃಷ್ಟಿ ತೆಗೆಯದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊಟ್ಟೆಯನ್ನು ನಿವಾಳಿಸಿ ಪಕ್ಕದಲ್ಲಿ ನೆಲಕ್ಕೆ ಒಡೆಯಬೇಕು. ಬಂದವರ ಕೆಟ್ಟದ್ದೆಲ್ಲ ಮೊಟ್ಟೆಗೆ ಹೋಯಿತು ಅಂತ ಲೆಕ್ಕ.

ಹಿಲ್ಲಾ ತಟ್ಟೆ ಹಿಡಿದು ಇಳಿದು ಬಂದಳು. ಎಂಜಿನ್ನಿನ ನಾಲ್ಕು ತೆರೆದ ಬಾವಿಗಳನ್ನು ನೋಡಿ ಹುಬ್ಬು ಗಂಟು ಹಾಕಿದಳು.

"ಪ್ಲಗ್ಗಿಗೆಲ್ಲಾ ಯಾರಾದ್ರೂ ಮೊಟ್ಟೆ ನಿವಾಳಿಸ್ತಾರಾ?"

"ನಾವು ಬೆಂಕಿಗೆ ತಲೆಬಾಗೋ ಜನ. ಕಿಡಿ ಹುಟ್ಟೋ ಜಾಗ ಇದು, ಹಿಲ್ಲಾ! ನಾಳೆ ಬೆಂಕಿಯ ದರ್ಶನಕ್ಕೆ ಹೊರಟಿರೋ ಗಾಡಿ!"

"ಸರಿ ಮಾರಾಯ. ಮೊದಲು ಮುಚ್ಚಳ ಹಾಕು, ಆಮೇಲೆ ನಿವಾಳಿಸು."

"ಮುಚ್ಚಿದ ಮೇಲೆ ನಿವಾಳಿಸಿದ್ರೆ ಆಶೀರ್ವಾದ ಮುಚ್ಚಳಕ್ಕೆ ಹೋಗುತ್ತೆ. ಪ್ಲಗ್ಗಿಗೆ ಹೋಗಬೇಡ್ವಾ?"

ಹಿಲ್ಲಾ ತನ್ನ ಅಮ್ಮನ ಮುಖ ನೋಡಿದಳು. ಅಮ್ಮ ಆಕಾಶ ನೋಡಿದರು. ಬಾಗಿನ ನಾಲ್ಕಾರು ಕಿಟಕಿಗಳು ತೆರೆದುಕೊಂಡವು. ಸಭೆ ಕೂಡಿದ ಮೇಲೆ ಸುಮ್ಮನಿರುವ ಪೈಕಿ ನಾನಲ್ಲ. ಹಿರಿಯರಾದ ಧನ್‌ಮಾಯ್ ನಿವಾಳಿಸಬೇಕಾಗಿದ್ದ ಮೊಟ್ಟೆಯನ್ನು, ಅವರ ಸೊಂಟಕ್ಕೆ ತೊಂದರೆ ಯಾಕೆ ಎಂದು ನಾನೇ ಎತ್ತಿಕೊಂಡೆ. ಎಣ್ಣೆ ಮೆತ್ತಿದ ಕೈ, ನುಣುಪಾದ ಮೊಟ್ಟೆ! ಎಂಜಿನ್ನಿನ ಮೇಲೆ ಗಂಭೀರವಾಗಿ ಒಂದು ಸುತ್ತು ಸುತ್ತಿಸಿದೆ. ಎರಡನೇ ಸುತ್ತಿಗೆ ಮೊಟ್ಟೆ ನನ್ನ ಕೈ ಬಿಟ್ಟಿತು.

ಟಪ್!

ಎಂಜಿನ್ನಿನ ತಲೆಯ ಮೇಲೆ ಚಿಪ್ಪು ಚೂರಾಗಿ ಬಿದ್ದಿತ್ತು, ಸ್ವಲ್ಪ ಲೋಳೆ ಹರಿದಿತ್ತು. ನಾನು ಮಿಂಚಿನ ವೇಗದಲ್ಲಿ ಬಟ್ಟೆ ತೆಗೆದು ಒರೆಸಿದೆ.

"ಶುಭ ಶಕುನ!" ಎಂದು ಕೂಗಿದೆ. "ನಿವಾಳಿಸಿ ಮುಗಿಸೋಕೆ ಮುಂಚೆನೇ ದೃಷ್ಟಿ ಇಳೀತು!"

ಸಾವಕ್ ಎದ್ದು ಬಂದ. ಬಹಳ ಕಾಲದಿಂದ ಮೊಟ್ಟೆ ತಿನ್ನದವನ ಕಣ್ಣು ಅದು, ತಪ್ಪುವುದುಂಟೆ?

"ಬಿಳಿ ಕಾಣ್ತು. ಹಳದಿ ಎಲ್ಲಿ?"

"ಕೆಳಗೆ ಬಿತ್ತು!"

ಕೆಳಗೆ ಹುಡುಕಲು ಬಾಗಿನ ಬೆಕ್ಕು ಆಗಲೇ ಗಾಡಿಯಡಿಗೆ ನುಗ್ಗಿತ್ತು. ಮೂಸಿ ಮೂಸಿ, ಬರಿಗೈಯಲ್ಲಿ ಹೊರಬಂದು, ನನ್ನನ್ನೇ ದುರುಗುಟ್ಟಿ ನೋಡಿ ಹೋಯಿತು. ಬಾವಿಗಳೊಳಗೆ ಟಾರ್ಚು ಬಿಟ್ಟು ಒಮ್ಮೆ ಇಣುಕಿದ್ದರೆ ಸಾಕಿತ್ತು. ಆದರೆ ಸಾವಕ್ ನೋಡುತ್ತಿರುವಾಗ ಇಣುಕುವುದೆ? ಇಣುಕಿದರೆ ಒಪ್ಪಿಕೊಂಡ ಹಾಗಲ್ಲವೆ? ಒಂದೊಂದೇ ಕಾಯಿಲನ್ನು ಬಾವಿಗಿಳಿಸಿ ಒತ್ತಿದೆ. ಮೂರನೆಯದು ಒತ್ತುವಾಗ 'ಪುಚಕ್' ಎಂದು ಸದ್ದು ಮಾಡಿತು. ನಾನು ಕೆಮ್ಮಿ ಆ ಸದ್ದು ಮುಚ್ಚಿದೆ.

ಕೀಲಿ ತಿರುಗಿಸಿದೆ. ಶಿರೀನ್ ಎಚ್ಚೆತ್ತಳು. ಎಚ್ಚೆತ್ತವಳು ಹೇಗೆ ಅಂತೀರಿ! ಬಿಕ್ಕಳಿಕೆ ಹೋಗಿ ಸನ್ನಿ ಬಂದಿತ್ತು! ಸ್ಟಿಯರಿಂಗು ಥರಥರ, ಕನ್ನಡಿ ಥರಥರ, ಒಳಗೆ ಕೂತ ನಾನೂ ಥರಥರ. ಮೀಟರುಗಳ ನಡುವೆ ಒಂದು ಹಳದಿ ದೀಪ ಹತ್ತಿಕೊಂಡಿತು. ಅಂತೂ ಹಳದಿ ಕಾಣಿಸಿತಲ್ಲ!

"ಏನು ಕೇಕು, ಡ್ಯಾನ್ಸ್ ಕಲಿಸಿದ್ದೀಯಾ?" ಸಾವಕ್ ಹಲ್ಲು ಕಿರಿದ.

"ಹೊಸ ಪ್ಲಗ್ಗು, ಹೊಸ ಚಪ್ಪಲಿ ಎರಡೂ ಮೊದಲು ಕಚ್ತವೆ. ನಾಲ್ಕು ಸುತ್ತು ಹಾಕಿದ್ರೆ ಹೊಂದಿಕೊಳ್ಳುತ್ತೆ!" ಎಂದು ಹೇಳಿ ಗೇರು ಹಾಕಿದೆ.

ಹಿಲ್ಲಾ ತಟ್ಟೆಯನ್ನು ಅಮ್ಮನ ಪಕ್ಕದಲ್ಲಿಟ್ಟು ಮಹಡಿ ಹತ್ತಿ ಹೋದಳು. ನಾನು ಬಾಗಿನ ಸುತ್ತ ಸುತ್ತಿದೆ. ಮತ್ತೆ ಸುತ್ತಿದೆ. ಹೊಂದಿಕೊಳ್ಳಲಿಲ್ಲ. ಎಂಜಿನ್ ಆರಿಸದೆ ಅಂಗಳದಲ್ಲೇ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಮನಸ್ಸಿನಲ್ಲೇ ಶಿರೀನಳ ಕಾಲು ಹಿಡಿದೆ. ನಾಳೆ ಬೆಳಿಗ್ಗೆ ಹೊರಡಬೇಕು ಕಣೇ, ಇವತ್ತೊಂದಿನ ನನ್ನ ಮರ್ಯಾದೆ ಉಳಿಸು ಎಂದು ಬೇಡಿಕೊಂಡೆ.

ಆಗ ಬಂತು ಪರಿಮಳ.

ಮೊದಲು ಗೊತ್ತಾದದ್ದು ಸಾವಕನಿಗೆ. ಚಹಾದ ಲೋಟ ಅವನ ತುಟಿಯಲ್ಲೇ ನಿಂತಿತು. ಮೂಗಿನ ಹೊಳ್ಳೆಗಳು ಅರಳಿದವು. ವರ್ಷಗಳ ಹಿಂದೆ ಅಗಲಿದವರ ದನಿ ಕೇಳಿದವನ ಹಾಗೆ ಅವನ ಕಣ್ಣು ತುಂಬಿ ಬಂತು.

"ಅಕೂರಿ!" ಎಂದು ಪಿಸುಗುಟ್ಟಿದ. "ಯಾರೋ ಅಕೂರಿ ಮಾಡ್ತಿದ್ದಾರೆ!"

ಅಕೂರಿ ಎಂದರೆ ಮೊಟ್ಟೆಯನ್ನು ಬಾಣಲೆಯಲ್ಲಿ ಕಲಕಿ ಮಾಡುವ ನಮ್ಮ ಪ್ರಾಣಪದಾರ್ಥ. ಕಿಟಕಿಗಳು ಒಂದೊಂದಾಗಿ ಮೂಸತೊಡಗಿದವು. "ನಿಮ್ಮನೇಲಾ?" "ಇಲ್ಲಪ್ಪ, ನಿಮ್ಮನೇಲಿ ಅನ್ಕೊಂಡೆ!" "ಈಗಿನ್ನೂ ಹನ್ನೊಂದು ಗಂಟೆ, ಈಗ್ಯಾರು ಮೊಟ್ಟೆ ಹಾಕಿದ್ರು?" ಎಂದು ಮಹಡಿಯಿಂದ ಮಹಡಿಗೆ ವಿಚಾರಣೆ ಹೋಯಿತು.

"ಉಪ್ಪು ಕಡಿಮೆ," ಅಂದ ಸಾವಕ್ ಕಣ್ಣು ಮುಚ್ಚಿಕೊಂಡು.

"ಈರುಳ್ಳಿ, ಕೊತ್ತಂಬರಿ ಎರಡೂ ಹಾಕಿಲ್ಲ," ಅಂದರು ಧನ್‌ಮಾಯ್. "ಪೆಟ್ರೋಲು ಮಾತ್ರ ಸ್ವಲ್ಪ ಜಾಸ್ತಿಯಾಯ್ತು."

ಹಿಲ್ಲಾ ಮಹಡಿಯಿಂದ ದಡದಡನೆ ಇಳಿದು ಬಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದು ಬಾನೆಟ್ಟಿಗೆ ಮೂಗು ಒಡ್ಡಿದಳು.

"ಕೇಕು, ನಾನು ಇನ್ನೂ ಒಲೆ ಹಚ್ಚಿಲ್ಲ."

"ಗೊತ್ತು."

"ಪಕ್ಕದ ಮನೆಯವರೂ ಹಚ್ಚಿಲ್ಲ."

"ಹೌದಾ?"

"ಮೊಟ್ಟೆ ಎಲ್ಲಿ?"

"ಯಾವ ಮೊಟ್ಟೆ?" ಎಂದೆ. ಎಷ್ಟಾದರೂ ಇನ್ಶೂರೆನ್ಸಿನವನು, ಯಾವುದನ್ನೂ ತಕ್ಷಣ ಒಪ್ಪಿಕೊಂಡು ಅಭ್ಯಾಸವಿಲ್ಲ! "ಎಂಜಿನ್ ಬಿಸಿಯಾದ್ರೆ ಇಂಥ ವಾಸನೆ ಬರೋದು ಸಹಜ, ಹಿಲ್ಲಾ. ಅದು ರಬ್ಬರು. ಹೊಸ ಪ್ಲಗ್ಗಿನ ರಬ್ಬರು."

"ಸಾವಕ್," ಅಂದಳು ಹಿಲ್ಲಾ, ನನ್ನ ಕಡೆ ನೋಡದೆ. "ಸೋಮವಾರ ಬೆಳಿಗ್ಗೆ ಮನೇಲೇ ಇರ್ತೀಯಾ?"

ಆದರೂ ಬಾಯಿ ಬಿಡಲಿಲ್ಲ. ಎಂಜಿನ್ ಆರಿಸಿ, ರಬ್ಬರ್ ಬ್ಯಾಂಡು ಬಿಗಿಮಾಡಿ, ಬ್ಯಾಟರಿ ಒರೆಸಿ, ಟೈರು ಒದ್ದು ನೋಡಿದೆ. ಮೂರನೆಯ ಬಾವಿಯೊಂದನ್ನು ಬಿಟ್ಟು ಶಿರೀನಳ ಮೈಯೆಲ್ಲ ತಡಕಿದೆ.

ಧನ್‌ಮಾಯ್ ಕ್ರೋಶಾ ಮಡಚಿ ಚೀಲಕ್ಕೆ ಹಾಕಿದರು. ಕೋಲು ಊರಿಕೊಂಡು ನನ್ನ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು. ಬೆಳಿಗ್ಗೆಯೇ ಅವರು ಬಿಳಿ ಸೀರೆಗೆ ಇಸ್ತ್ರಿ ಮಾಡಿಟ್ಟದ್ದನ್ನು, ಗಂಧದ ಚಕ್ಕೆಗಳನ್ನು ಹಳೇ ಕರವಸ್ತ್ರದಲ್ಲಿ ಗಂಟು ಕಟ್ಟಿ ದಿಂಬಿನ ಪಕ್ಕ ಇಟ್ಟುಕೊಂಡದ್ದನ್ನು ನಾನು ನೋಡಿದ್ದೆ.

"ಬಿಡು ಡಿಕ್ರಾ, ಇಷ್ಟು ಒದ್ದಾಡಬೇಡ. ಈ ವರ್ಷ ಆಗಲಿಲ್ಲ ಅಂದ್ರೆ ಬೇಡ. ಬೆಂಕಿಯೇನು ಎಲ್ಲಿಗೂ ಹೋಗಲ್ಲ, ಸಾವಿರ ವರ್ಷದಿಂದ ಉರೀತಾ ಇದೆ. ನನ್ನ ಲೆಕ್ಕ ಮಾತ್ರ ನನಗೆ ಗೊತ್ತಿಲ್ಲ, ಅಷ್ಟೇ."

ಅಯ್ಯೋ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಲಿನಲ್ಲಿ ಬಾರಿಸಿದ್ದರೂ ಸರಿಯೇ ಅನ್ನುತ್ತಿದ್ದೆ. ಈ ಮಾತು ನೇರ ಕರುಳಿಗೆ ಬಂತು. ನಾನೆಂಥ ಮನುಷ್ಯ! ನನ್ನ ಮೀಸೆ ಮಣ್ಣಾಗಬಾರದೆಂದು ಮುದುಕಿಯ ಒಂದು ವರ್ಷ ನುಂಗಲು ಹೊರಟಿದ್ದೆನಲ್ಲ!

"ಮಮ್ಮಾ," ಎಂದೆ. ಸಾವಕ್ ಕೇಳಿಸಿಕೊಳ್ಳಲಿ, ಕಿಟಕಿಗಳೂ ಕೇಳಿಸಿಕೊಳ್ಳಲಿ! "ಮೊಟ್ಟೆ ಮೂರನೇ ಬಾವೀಲಿದೆ."

"ಗೊತ್ತು," ಅಂದರು ಧನ್‌ಮಾಯ್. "ಪುಚಕ್ ಅಂದಾಗಲೇ ಕೇಳ್ತು. ನೀನು ಕೆಮ್ಮಿದ್ದೂ ಕೇಳ್ತು."

ಬೋಲ್ಟು ಬಿಚ್ಚಿ ಮೂರನೇ ಕಾಯಿಲ್ ಎಳೆದೆ. ಬರಲಿಲ್ಲ. ಬಂಪರಿಗೆ ಕಾಲು ಕೊಟ್ಟು ಎಳೆದೆ. ಸಾವಕ್ ಬಂದು ನನ್ನ ಸೊಂಟ ಹಿಡಿದು ಎಳೆದ. ಇಬ್ಬರೂ ಹಿಂದಕ್ಕೆ ಬಿದ್ದಾಗ ಕಾಯಿಲ್ ನನ್ನ ಕೈಯಲ್ಲಿತ್ತು. ಅದರ ರಬ್ಬರ್ ಕಾಲಿಗೆ ಹದವಾಗಿ ಬೆಂದ ಮೊಟ್ಟೆಯ ಕಾಲುಚೀಲ! ಬಿಳಿಯ ಮೇಲೆ ಹಳದಿಯ ಅಂಚು ಬೇರೆ. ಬೆಕ್ಕು ಎಲ್ಲಿತ್ತೋ, ಹಾರಿ ಬಂದು ನನ್ನ ಹೊಟ್ಟೆಯ ಮೇಲೆ ಕೂತಿತು.

"ಮಿಕ್ಕಿದ್ದು ಬಾವಿಯ ತಳದಲ್ಲಿ ಪ್ಲಗ್ಗಿನ ಸುತ್ತ ಕಚ್ಕೊಂಡಿದೆ," ಎಂದೆ ಇಣುಕಿ. "ಪ್ಲಗ್ ಬಿಚ್ಚಿ ಬಿಡ್ತೀನಿ, ಆಮೇಲೆ ಸಲೀಸು..."

"ಮುಟ್ಟಿದ್ರೆ ಜೋಕೆ!" ಹಿಲ್ಲಾ ನನ್ನ ಕೈಗೆ ಫಟ್ಟೆಂದು ಹೊಡೆದಳು. "ಪ್ಲಗ್ ತೆಗೆದ್ರೆ ಮೊಟ್ಟೆ ಎಂಜಿನ್ ಹೊಟ್ಟೆಗೇ ಇಳಿಯುತ್ತೆ. ಸಿಂಕಿನ ಜಾಲರಿ ತೆಗೆದಿಟ್ಟು ಯಾರಾದ್ರೂ ಮುಸುರೆ ತೊಳೀತಾರಾ? ಒಂದು ದಿನ ಪಾತ್ರೆ ತೊಳೆದಿದ್ರೆ ಗೊತ್ತಾಗ್ತಿತ್ತು!"

ನನ್ನ ಕೈ ಬಾವಿಗೆ ಹಿಡಿಸದು. ಹಿಲ್ಲಾಳ ಚಮಚ ತಳ ಮುಟ್ಟದು. ಸಾವಕ್ ವ್ಯಾಕ್ಯೂಮ್ ಕ್ಲೀನರು ತರುತ್ತೇನೆಂದು ಎದ್ದ, ಅವನದು ಕೆಟ್ಟು ವರ್ಷವಾಗಿದೆಯೆಂದು ನೆನಪಾಗಿ ಕೂತ. ಆಗ ಧನ್‌ಮಾಯ್ ಚೀಲ ತೆರೆದು ತಮ್ಮ ಉದ್ದನೆಯ ಕ್ರೋಶಾ ಕಡ್ಡಿ ಹೊರತೆಗೆದರು.

"ಕುರ್ಚಿ ಹತ್ರ ತನ್ನಿ. ಟಾರ್ಚು ಹಿಡೀರಿ. ಯಾರೂ ಮಾತಾಡ್ಬೇಡಿ."

ಬಾನೆಟ್ಟಿನೊಳಗೆ ಅವರ ಬಿಳಿ ತಲೆ ಬಗ್ಗಿತು. ಕಡ್ಡಿಯ ಕೊಕ್ಕೆ ಬಾವಿಗಿಳಿಯಿತು. ಒಂದು ಕುಣಿಕೆ, ಒಂದು ತಿರುವು, ಒಂದು ಎಳೆತ. ಮೊಟ್ಟೆಯ ಚೂರುಗಳು ಒಂದರ ಹಿಂದೊಂದು ಮೇಲೆ ಬಂದು ಬೆಳ್ಳಿ ತಟ್ಟೆಯಲ್ಲಿ ಸಾಲಾಗಿ ಕೂತವು. ಹಳದಿ ಒಂದು ಚೂರು ಕಂಡಾಗ ಸಾವಕ್ ಮುಖ ತಿರುಗಿಸಿಕೊಂಡ. ಕೊನೆಗೆ ಕಡ್ಡಿಗೆ ನನ್ನದೇ ರೇಷ್ಮೆ ಅಂಗಿಯ ಚೂರು ಸುತ್ತಿ, ಬಾವಿಯ ಗೋಡೆಯೆಲ್ಲ ಒರೆಸಿ, ಒಣಗಿಸಿ, ಧನ್‌ಮಾಯ್ ಬೆನ್ನು ನೆಟ್ಟಗೆ ಮಾಡಿದರು.

"ಈಗ ಮುಚ್ಚಳ ಹಾಕು ಡಿಕ್ರಾ. ಆಶೀರ್ವಾದ ಆಯ್ತು."

ಕಾಯಿಲಿನ ಕಾಲುಚೀಲ ಕಳಚಿ, ಒರೆಸಿ, ಕೂರಿಸಿದೆ. ಕೀಲಿ ತಿರುಗಿಸಲು ನನಗೆ ಧೈರ್ಯ ಬರಲಿಲ್ಲ. ಹಿಲ್ಲಾ ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ತಿರುಗಿಸಿದಳು. ಶಿರೀನ್ ಸದ್ದಿಲ್ಲದೆ ಎಚ್ಚೆತ್ತಳು. ಬಿಕ್ಕಿಲ್ಲ, ನಡುಕವಿಲ್ಲ. ಹಳದಿ ದೀಪ ಮಾತ್ರ ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದು, ಆಮೇಲೆ ಅದೂ ಆರಿತು. ಹಿಲ್ಲಾ ಎಂಜಿನ್ ನಿಲ್ಲಿಸಿ ಬೀಗದ ಕೈಯನ್ನು ಸಾವಕನ ಮುಖದ ಮುಂದೆ ಆಡಿಸಿದಳು.

"ಏನಂತೀಯ? ಸೋಮವಾರ ಬೇಕಾ?"

ಸಾವಕ್ ಎರಡೂ ಕೈ ಎತ್ತಿ ಹಿಂದೆ ಸರಿದ.

"ಬೇಡಮ್ಮಾ, ಬೇಡ! ಮೊಟ್ಟೆ ವಾಸನೆ ಬರೋ ಗಾಡಿ ಇಟ್ಕೊಂಡ್ರೆ ನನ್ನ ಡಾಕ್ಟರು ನನ್ನನ್ನ ಕೊಂದೇ ಬಿಡ್ತಾರೆ!"

ಶಿರೀನ್ ಉಳಿದಳು. ಆದರೆ ಬೀಗದ ಕೈ ನನಗೆ ವಾಪಸು ಬರಲಿಲ್ಲ. ಭಾನುವಾರ ಬೆಳಿಗ್ಗೆ ಹಿಲ್ಲಾ ಸ್ಟಿಯರಿಂಗು ಹಿಡಿದಳು, ಧನ್‌ಮಾಯ್ ಮುಂದಿನ ಸೀಟಿನಲ್ಲಿ ಬಿಳಿ ಸೀರೆಯುಟ್ಟು ಮಹಾರಾಣಿಯಂತೆ ಕೂತರು, ನಾನು ಹಿಂದೆ ಗಂಧದ ಗಂಟು ಮಡಿಲಲ್ಲಿಟ್ಟುಕೊಂಡು ಪಾಂಫ್ರೆಟ್ ಮೀನಿನ ಜಾಗದಲ್ಲಿ ಕೂತೆ. ದಾರಿಯುದ್ದಕ್ಕೂ ನನ್ನ ಕಿವಿಯೆಲ್ಲ ಎಂಜಿನ್ನಿನಲ್ಲೇ ಇತ್ತು. ಉದ್ವಾಡಾದ ತನಕ ಒಂದೇ ಒಂದು ಸಲವೂ ಅವಳು ಬಿಕ್ಕಲಿಲ್ಲ.

ಧನ್‌ಮಾಯ್ ಗುಡಿಯೊಳಗೆ ಬಹಳ ಹೊತ್ತು ಇದ್ದರು. ಹೊರಬಂದಾಗ ಹಣೆಯಲ್ಲಿ ಭಸ್ಮದ ಬೊಟ್ಟು, ಕಣ್ಣಂಚು ಒದ್ದೆ. "ಚೆನ್ನಾಗಿದೆ," ಅಂದರು, ಊರಲ್ಲಿರುವ ಅಕ್ಕನ ಆರೋಗ್ಯ ವಿಚಾರಿಸಿಕೊಂಡು ಬಂದವರ ಹಾಗೆ. "ನಾನು ಬರಲಿಲ್ಲ ಅಂತ ಹೋದ ವರ್ಷದ ಕೋಪವೇನೂ ಇಲ್ಲ." ಹಿಲ್ಲಾ ಅಮ್ಮನ ಕೈ ಹಿಡಿದುಕೊಂಡಳು. ಅಂತೂ ಇವರನ್ನು ಕರೆತಂದವನು ನಾನಲ್ಲವೆ, ಪ್ಲಗ್ ಹಾಕಿದ ಕೈ ಇದಲ್ಲವೆ ಎಂದು ಎದೆ ಮತ್ತೆ ಸ್ವಲ್ಪ ಸ್ವಲ್ಪವೇ ಉಬ್ಬತೊಡಗಿತು.

ಪಕ್ಕದ ವಸತಿಗೃಹಕ್ಕೆ ತಿಂಡಿಗೆ ಹೋದೆವು. ಅದರ ಒಡತಿ ಧನ್‌ಮಾಯ್ ಅವರಿಗೆ ಹಳೇ ಗುರುತು. ಹುಟ್ಟುಹಬ್ಬದ ಅಪ್ಪುಗೆ, ಎರಡೂ ಕೆನ್ನೆಗೆ ಮುತ್ತು ಎಲ್ಲ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಮೊಟ್ಟೆ ಯಾವುದರ ಮೇಲೆ ಹಾಕ್ಲಿ ಹೇಳಿ. ಟೊಮ್ಯಾಟೊ ಮೇಲಾ, ಆಲೂಗಡ್ಡೆ ಮೇಲಾ, ಬೆಂಡೆಕಾಯಿ ಮೇಲಾ?"

ನಾನು ಬಾಯಿ ತೆರೆಯುವುದರೊಳಗೆ ಧನ್‌ಮಾಯ್, ಕರವಸ್ತ್ರ ಮಡಚುತ್ತ, ತಲೆಯೆತ್ತದೆ ಹೇಳಿದರು.

"ನಮ್ಮಿಬ್ಬರಿಗೆ ಟೊಮ್ಯಾಟೊ ಮೇಲೆ ಹಾಕಮ್ಮಾ. ಅಳಿಯನಿಗೆ ಹಸೀ ಮೊಟ್ಟೆ ಕೊಟ್ಟು ಬಾನೆಟ್ಟು ಎತ್ತಿಕೊಡು, ಅವನೇ ಮಾಡ್ಕೋತಾನೆ!"